ಮೂವತ್ತೈದು ವರ್ಷ ಪತ್ರ ಬರೆದರು, ಒಮ್ಮೆಯೂ ಮುಖ ನೋಡಲಿಲ್ಲ. ಇದು ಗೆಳೆತನವೋ, ಬೀಜದ ವ್ಯಾಪಾರವೋ?

ಹಿತ್ತಲಮನೆ:
ಒಂದು ವಿಷಯಕ್ಕೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ನಮ್ಮ ಮನೆಯಲ್ಲಿ ಇದರ ಮೇಲೆ ವಾದ ನಡೆದು ಇನ್ನೂ ಮುಗಿದಿಲ್ಲ.

ಪೀಟರ್ ಕಾಲಿನ್ಸನ್ ಲಂಡನ್ನಿನ ಬಟ್ಟೆ ವ್ಯಾಪಾರಿ. ಜಾನ್ ಬಾರ್ಟ್ರಮ್ ಅಮೆರಿಕದ ಫಿಲಡೆಲ್ಫಿಯಾ ಪಕ್ಕದ ರೈತ. ಇಬ್ಬರೂ ಕ್ವೇಕರ್, ಅಂದರೆ ಯುದ್ಧ, ಹಿಂಸೆ ಒಪ್ಪದ ಕ್ರೈಸ್ತ ಪಂಥದವರು, ಇಬ್ಬರಿಗೂ ಗಿಡದ ಹುಚ್ಚು. 1730ರ ದಶಕದ ಮೊದಲಲ್ಲಿ ಶುರುವಾದ ಪತ್ರ 1768ರಲ್ಲಿ ಕಾಲಿನ್ಸನ್ ತೀರಿಕೊಳ್ಳುವವರೆಗೆ ನಡೆಯಿತು. ಬಾರ್ಟ್ರಮ್ ಕಾಡು ಸುತ್ತಿ ಬೀಜ, ಸಸಿ, ಗೆಡ್ಡೆ ಕೂಡಿಸಿ ಹಡಗಿಗೆ ಹಾಕುತ್ತಿದ್ದ. ಕಾಲಿನ್ಸನ್ ಅವನ್ನು ಇಂಗ್ಲೆಂಡಿನ ದೊಡ್ಡ ಮನೆತನದವರಿಗೆ ಹಂಚಿ, ಹಣ ವಸೂಲಿ ಮಾಡಿ ಇವನ ಲೆಕ್ಕಕ್ಕೆ ಜಮಾ ಮಾಡುತ್ತಿದ್ದ. ಅವನು ಅಮೆರಿಕಕ್ಕೆ ಹೋಗಲಿಲ್ಲ, ಇವನು ಲಂಡನ್ನಿಗೆ ಬರಲಿಲ್ಲ.

ನಮ್ಮ ಯಜಮಾನರ ಪ್ರಕಾರ ಇದು ಶುದ್ಧ ವ್ಯಾಪಾರ. ಒಂದು ಪೆಟ್ಟಿಗೆಗೆ ಐದು ಗಿನಿ (ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ), ಒಳಗೆ ಸುಮಾರು ನೂರು ಬಗೆಯ ಬೀಜ. ದುಡ್ಡು ನಿಂತಿದ್ದರೆ ಪತ್ರವೂ ನಿಲ್ಲುತ್ತಿತ್ತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬರೀ ವ್ಯಾಪಾರ ಆಗಿದ್ದರೆ ಹಳೆ ಟೋಪಿಯ ತೂತಿಗೆ ಇಬ್ಬರೂ ಅಷ್ಟು ಮುನಿಸಿಕೊಳ್ಳುತ್ತಿರಲಿಲ್ಲ. ನಿಮಗೇನನ್ನಿಸುತ್ತದೆ?

ತುಂಗಾತೀರ:
ಮೊದಲು ಟೋಪಿ ಕಥೆ ಹೇಳಿ. ಅರ್ಧಕ್ಕೆ ಬಿಟ್ಟರೆ ಹೇಗೆ?

ಹಿತ್ತಲಮನೆ:
ಕಾಲಿನ್ಸನ್ ತಾನು ಹಾಕಿಕೊಂಡಿದ್ದ ಒಂದು ಟೋಪಿಯನ್ನು ಬಾರ್ಟ್ರಮ್‌ಗೆ ಕಳಿಸಿದ. ಇವನು ಅದರಲ್ಲಿ ತೂತಿದೆ ಎಂದು ಬರೆದ, ಟೋಪಿಯನ್ನು ಬೇರೆಯವರಿಗೆ ಕೊಟ್ಟೂಬಿಟ್ಟ. ಕಾಲಿನ್ಸನ್‌ಗೆ ನೋವಾಯಿತು. ಅಂಚಿನಲ್ಲಿ ಒಂದೆರಡು ಸಣ್ಣ ತೂತು ಇದ್ದದ್ದು ನಿಜ, ಆದರೆ ಒಳಗಿನ ಅಸ್ತರಿ ಹೊಸದು, ಬೇಡವಾಗಿದ್ದರೆ ವಾಪಸ್ ಕಳಿಸಬೇಕಿತ್ತು, ಹಳ್ಳಿ ಕಡೆ ಮಳೆಯಲ್ಲಿ ಹಾಕಿಕೊಳ್ಳಲು ನನಗೇ ಇನ್ನೂ ಎರಡು ಮೂರು ವರ್ಷ ಬರುತ್ತಿತ್ತು ಎಂದು ಬರೆದ. ದೊಡ್ಡ ದೊಡ್ಡ ಡ್ಯೂಕ್‌ಗಳ ಜೊತೆ ಓಡಾಡುವ ಮನುಷ್ಯ ಹಳೆ ಟೋಪಿಗೆ ಇಷ್ಟು ಬರೆಯುತ್ತಾನೆ ಅಂದರೆ ಅಲ್ಲಿ ಸಲಿಗೆ ಇತ್ತು ಅಂತಲೇ ನನ್ನ ಲೆಕ್ಕ.

ಲೆಕ್ಕದ ಪುಸ್ತಕ:
ನಾನು ನಿಮ್ಮ ಯಜಮಾನರ ಪಕ್ಷ. ಹಳೆ ಟೋಪಿ ಕೊಡುವುದು ಯಾರು? ಮೇಲಿನವರು ಕೆಳಗಿನವರಿಗೆ ಕೊಡುತ್ತಾರೆ. ಬಾರ್ಟ್ರಮ್‌ಗೆ ಕೋಪ ಬಂದದ್ದು ತೂತಿಗಲ್ಲ, ಆ ಧೋರಣೆಗೆ. ಲಂಡನ್ನಿನವನು ಅಂಗಡಿಯಲ್ಲಿ ಕೂತು ಪಟ್ಟಿ ಕಳಿಸುತ್ತಾನೆ. ಆ ಮರದ ಬೀಜ ಬೇಕು, ಈ ಪೊದೆಯ ಸಸಿ ಬೇಕು, ಕಪ್ಪೆಚಿಪ್ಪು ಬೇಕು, ಚಿಟ್ಟೆ ಬೇಕು. ಇಲ್ಲಿ ಇವನು ಕುದುರೆ ಮೇಲೆ ನೂರಾರು ಮೈಲಿ ಹೋಗಿ, ಮರ ಹತ್ತಿ, ಜವುಗಿನಲ್ಲಿ ಇಳಿದು ತರಬೇಕು. ಕೊಡುವ ಹಣ ಸಾಲುವುದಿಲ್ಲ ಅಂತ ಬಾರ್ಟ್ರಮ್ ಎಷ್ಟು ಸಲ ಗೊಣಗಿದ್ದಾನೆ ನೋಡಿ. ಗೆಳೆಯನ ಕಷ್ಟ ಗೊತ್ತಿದ್ದರೆ ಗೊಣಗುವವರೆಗೆ ಬಿಡುತ್ತಿರಲಿಲ್ಲ.

ಹಳೆಪೇಪರ್:
ಲೆಕ್ಕದ ಪುಸ್ತಕ ಅವರೇ, ಕಾಲಿನ್ಸನ್ ಇದರಲ್ಲಿ ಲಾಭ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಡಗು ಬಂದಾಗ ಸುಂಕದವರ ಹತ್ತಿರ ಓಡುವುದು, ಪೆಟ್ಟಿಗೆ ಬಿಡಿಸುವುದು, ಹಂಚುವುದು, ಬಾಕಿ ಕೊಡದ ಶ್ರೀಮಂತರ ಹಿಂದೆ ಬೀಳುವುದು, ಎಲ್ಲವೂ ಅವನದೇ. ಅದೂ ಸ್ವಂತ ಬಟ್ಟೆ ವ್ಯಾಪಾರದ ಗಡಿಬಿಡಿಯ ನಡುವೆ. ಅವನ ದೊಡ್ಡ ಗಿರಾಕಿ ಲಾರ್ಡ್ ಪೀಟರ್. ಎಸೆಕ್ಸ್‌ನ ಥಾರ್ನ್‌ಡನ್‌ನಲ್ಲಿ ಅಮೆರಿಕದ ಗಿಡಗಳ ಕಾಡನ್ನೇ ಬೆಳೆಸುತ್ತಿದ್ದ. 1742ರಲ್ಲಿ ಸಿಡುಬಿನಿಂದ ತೀರಿಕೊಂಡ, ಇನ್ನೂ ಮೂವತ್ತು ತುಂಬಿರಲಿಲ್ಲ. ಬರೀ ವ್ಯಾಪಾರ ಆಗಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಕಾಲಿನ್ಸನ್ ನಿಲ್ಲಿಸಲಿಲ್ಲ. ರಿಚ್ಮಂಡ್, ನಾರ್ಫೋಕ್, ಬೆಡ್‌ಫರ್ಡ್ ಡ್ಯೂಕ್‌ಗಳನ್ನೆಲ್ಲ ಹಿಡಿದು ಬಾರ್ಟ್ರಮ್‌ನ ಆದಾಯ ಉಳಿಸಿದ.

ಅಂಚೆಡಬ್ಬಿ:
ಪತ್ರ ಹೋಗಿ ಬರಲು ಎಷ್ಟು ದಿನ ಆಗುತ್ತಿತ್ತು?

ಹಳೆಪೇಪರ್:
ಹಡಗಿಗೆ ಗಾಳಿ ಚೆನ್ನಾಗಿದ್ದರೆ ಒಂದು ಕಡೆಗೆ ಆರೇಳು ವಾರ. ಇಲ್ಲದಿದ್ದರೆ ಇನ್ನೂ ಜಾಸ್ತಿ. ಇವತ್ತು ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಋತುವೇ ಬದಲಾಗುತ್ತಿತ್ತು. ಯುದ್ಧ ಬಂತೆಂದರೆ ಇನ್ನೂ ಕಷ್ಟ. ಫ್ರೆಂಚರು, ಸ್ಪೇನಿನವರು ಹಡಗು ಹಿಡಿದುಕೊಂಡು ಹೋದರೆ ಇಡೀ ವರ್ಷದ ಬೀಜವೂ ಹೋಯಿತು, ಪತ್ರವೂ ಹೋಯಿತು.

ಅಂಚೆಡಬ್ಬಿ:
ನಮ್ಮ ತಂದೆ ಹಳ್ಳಿಯ ಅಂಚೆ ಕಚೇರಿಯಲ್ಲಿ ಇದ್ದವರು. ಬೊಂಬಾಯಿಗೆ ದುಡಿಯಲು ಹೋದವರ ಕಾಗದ ಒಂದು ವಾರ ತಡವಾದರೆ ಮನೆಯವರು ದಿನಾ ಬಂದು ನಿಲ್ಲುತ್ತಿದ್ದರಂತೆ. ಇವರು ಆರು ತಿಂಗಳು ಕಾದು ಮತ್ತೆ ಅದೇ ಉತ್ಸಾಹದಲ್ಲಿ ಬರೆಯುತ್ತಾರೆ ಅಂದರೆ ದೊಡ್ಡ ವಿಷಯ.

ಸಂಪಿಗೆಮರ:
ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಆಮೆ ಮೊಟ್ಟೆಯ ಪತ್ರ. ಬಾರ್ಟ್ರಮ್ ಒಂದು ಪೆಟ್ಟಿಗೆ ಮಣ್ಣಿನಲ್ಲಿ ಆಮೆ ಮೊಟ್ಟೆ ಹುಗಿದು ಕಳಿಸಿದ್ದ. ಕಾಲಿನ್ಸನ್ ಹಡಗಿನಿಂದ ಪೆಟ್ಟಿಗೆ ಮನೆಗೆ ತಂದ ದಿನವೇ ಮುಚ್ಚಳ ತೆಗೆದು ನೋಡಿದರೆ ಮಣ್ಣಿನ ಮೇಲೆ ಒಂದು ಪುಟ್ಟ ತಲೆ. ನೋಡುತ್ತಿದ್ದ ಹಾಗೆ ಅಲ್ಲೊಂದು ಇಲ್ಲೊಂದು ಕಡೆ ಮಣ್ಣು ಅಲುಗಿತು. ಮೂರು ನಾಲ್ಕು ಗಂಟೆಯಲ್ಲಿ ಎಂಟು ಮರಿ ಹೊರಗೆ! ಚಿಪ್ಪಿನಿಂದ ಹೇಗೆ ಬಿಡಿಸಿಕೊಂಡವು, ಮುಂಗಾಲಿನಿಂದ ಹೇಗೆ ಕಣ್ಣು ಕೆರೆದುಕೊಂಡು ತೆರೆದವು, ಎಲ್ಲವನ್ನೂ ಕೂತು ನೋಡಿ ಬರೆದಿದ್ದಾನೆ. ಸಾಗರ ದಾಟಿ ಬಂದ ಮೊಟ್ಟೆ ತಾನು ಮುಚ್ಚಳ ತೆಗೆದ ದಿನವೇ ಒಡೆಯಿತಲ್ಲ ಎಂಬ ಸಂಭ್ರಮ ಇಡೀ ಪತ್ರದಲ್ಲಿದೆ. ಇದನ್ನು ಬರೆಯಲು ಅವನಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಮುಂಗಾರು:
ಸಸಿಗಳು ಎರಡು ತಿಂಗಳು ಹಡಗಿನಲ್ಲಿ ಹೇಗೆ ಬದುಕುತ್ತಿದ್ದವು? ನಮ್ಮ ಊರಿಂದ ಬೆಂಗಳೂರಿಗೆ ಬಸ್ಸಿನಲ್ಲಿ ತಂದ ಮಲ್ಲಿಗೆ ಸಸಿಯೇ ಬಾಡಿಹೋಗುತ್ತದೆ.

ಸಂಪಿಗೆಮರ:
ಎಷ್ಟೋ ಬದುಕಲಿಲ್ಲ. ಉಪ್ಪುನೀರು, ಇಲಿ, ಚಳಿ. ಬೀಜ ತಿಂದು ಇಲಿಗಳು ಪೆಟ್ಟಿಗೆಯಲ್ಲೇ ಸಂಸಾರ ಹೂಡುತ್ತಿದ್ದವು. ಕಾಲಿನ್ಸನ್ ಒಂದು ಉಪಾಯ ಬರೆದು ಕಳಿಸಿದ. ಎತ್ತಿನ ಮೂತ್ರಕೋಶದ ಚೀಲ ತಗೊಳ್ಳುವುದು, ಬೇರು ಇಳಿಯುವಷ್ಟು ಬಾಯಿ ಕತ್ತರಿಸುವುದು, ಒಳಗೆ ಮಣ್ಣು ನೀರು ಹಾಕಿ ಕಾಂಡದ ಸುತ್ತ ಬಾಯಿ ಕಟ್ಟುವುದು, ಎಲೆ ಮಾತ್ರ ಹೊರಗೆ. ನಾವು ಈಗ ಪ್ಲಾಸ್ಟಿಕ್ ಕವರಿನಲ್ಲಿ ಮಾಡುವುದೂ ಇದನ್ನೇ. ಇನ್ನೊಂದು ಸಲಹೆ, ಗಿಡದ ಪೆಟ್ಟಿಗೆಯನ್ನು ಕ್ಯಾಪ್ಟನ್ ಮಂಚದ ಕೆಳಗೆ ಇಡಿಸು ಅಂತ.

ಕೊಡಚಾದ್ರಿ:
ಕ್ಯಾಪ್ಟನ್ ಒಪ್ಪುತ್ತಿದ್ದನಾ?

ಸಂಪಿಗೆಮರ:
ಪರಿಚಯದವರಾದರೆ ಒಪ್ಪುತ್ತಿದ್ದರು. ಅದಕ್ಕೇ ಯಾವ ಕ್ಯಾಪ್ಟನ್ ಒಳ್ಳೆಯವನು, ಯಾರ ಕೈಗೆ ಕೊಡಬೇಕು ಎಂಬ ಮಾತೂ ಪತ್ರಗಳಲ್ಲಿ ಬರುತ್ತದೆ.

ಲೆಕ್ಕದ ಪುಸ್ತಕ:
ಆಮೆ ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಪುಸ್ತಕದ ವಿಷಯ ಯಾರೂ ಎತ್ತಲಿಲ್ಲ. ಬಾರ್ಟ್ರಮ್‌ಗೆ ಓದುವ ಆಸೆ ವಿಪರೀತ. ಶಾಲೆ ಕಲಿತದ್ದು ಕಡಿಮೆ. ಪುಸ್ತಕ ಕಳಿಸು ಎಂದು ಕೇಳಿದರೆ ಕಾಲಿನ್ಸನ್ ಏನು ಬರೆದ? ಸೊಲೊಮೋನನ ಮಾತು ನೆನಪಿಟ್ಟುಕೋ, ಪುಸ್ತಕ ಓದುವುದಕ್ಕೆ ಕೊನೆಯೇ ಇಲ್ಲ ಅಂತ. (ಸೊಲೊಮೋನ ಬೈಬಲ್ಲಿನ ಜಾಣ ರಾಜ, ನೂರಾರು ಹೆಂಡಿರಿದ್ದವನು.) ಅಂದರೆ, ನೀನು ಓದಬೇಡ, ಬೀಜ ಹೆಕ್ಕು. ಇದು ಗೆಳೆಯನ ಮಾತಾ?

ಹಿತ್ತಲಮನೆ:
ನೀವು ಪ್ರಶ್ನೆ ಮಾತ್ರ ಹೇಳಿದಿರಿ, ಉತ್ತರ ಬಿಟ್ಟಿರಿ! ಬಾರ್ಟ್ರಮ್ ಬರೆದದ್ದು: ಪುಸ್ತಕದ ಬಗ್ಗೆ ನಿನ್ನ ಬುದ್ಧಿಮಾತಿಗೆ ವಂದನೆ, ಆದರೆ ಓದುವುದೆಂದರೆ ನನಗೆ ಪ್ರಾಣ. ಸೊಲೊಮೋನ ಹೆಂಗಸರನ್ನು ಕಡಿಮೆ ಪ್ರೀತಿಸಿ ಪುಸ್ತಕವನ್ನು ಜಾಸ್ತಿ ಪ್ರೀತಿಸಿದ್ದರೆ ಇನ್ನೂ ಜಾಣನಾಗಿ, ಇನ್ನೂ ಸುಖವಾಗಿ ಇರುತ್ತಿದ್ದ.

ಯಜಮಾನನಿಗೆ ಯಾವ ಆಳು ಹೀಗೆ ಬರೆಯುತ್ತಾನೆ ಹೇಳಿ. ಸಮಾನ ಅಂತ ಅನ್ನಿಸಿದ್ದಕ್ಕೇ ಈ ಉತ್ತರ ಬಂತು. ಇನ್ನೊಂದು ಮಾತು. ಅದೇ ಕಾಲಿನ್ಸನ್ ಮುಂದೆ ಪುಸ್ತಕಗಳನ್ನೂ ಕಳಿಸಿದ.

ತುಂಗಾತೀರ:
ಭಲೇ ಬಾರ್ಟ್ರಮ್!

ಹಳೆಪೇಪರ್:
ಪುಸ್ತಕದ ಮಾತು ಬಂತು ಅಂತ ಹೇಳುತ್ತೇನೆ. ಫಿಲಡೆಲ್ಫಿಯಾದಲ್ಲಿ 1731ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗೆಳೆಯರು ಸೇರಿ ಒಂದು ಚಂದಾ ಗ್ರಂಥಾಲಯ ಕಟ್ಟಿದರು. ಅದಕ್ಕೆ ಲಂಡನ್ನಿನಲ್ಲಿ ಪುಸ್ತಕ ಕೊಂಡು ಕಳಿಸುತ್ತಿದ್ದದ್ದು ಇದೇ ಕಾಲಿನ್ಸನ್, ಬಿಟ್ಟಿಯಾಗಿ. 1740ರ ದಶಕದಲ್ಲಿ ಪುಸ್ತಕದ ಜೊತೆ ಒಂದು ಗಾಜಿನ ಕೊಳವೆ ಕಳಿಸಿದ, ಉಜ್ಜಿದರೆ ವಿದ್ಯುತ್ ಹುಟ್ಟುವಂಥದ್ದು. ಫ್ರಾಂಕ್ಲಿನ್ ಪ್ರಯೋಗ ಶುರು ಮಾಡಿದ್ದು ಅದರಿಂದ. ಫಲಿತಾಂಶ ಬರೆದದ್ದೂ ಕಾಲಿನ್ಸನ್‌ಗೇ. 1751ರಲ್ಲಿ ಆ ಪತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಒಬ್ಬ ಬಟ್ಟೆ ವ್ಯಾಪಾರಿ ಬರೀ ಪತ್ರ ಬರೆದು ಎಷ್ಟು ಜನರನ್ನು ಬೆಸೆದ ನೋಡಿ.

ಬೆಟ್ಟದಹೂ:
ಎಲ್ಲರೂ ಇಬ್ಬರು ಗಂಡಸರ ಗೆಳೆತನದ ಬಗ್ಗೆಯೇ ಮಾತಾಡುತ್ತಿದ್ದೀರಿ. ಬಾರ್ಟ್ರಮ್ ವಾರಗಟ್ಟಲೆ ಕಾಡಿನಲ್ಲಿದ್ದಾಗ ಗದ್ದೆ, ದನ, ಮಕ್ಕಳು ಯಾರ ತಲೆ ಮೇಲೆ? ಹೆಂಡತಿ ಆ್ಯನ್ ತಲೆ ಮೇಲೆ. ಆಕೆಗೇ ಒಂಬತ್ತು ಮಕ್ಕಳು, ಮೊದಲ ಹೆಂಡತಿಯ ಮಗನೂ ಮನೆಯಲ್ಲಿದ್ದ. ಬೀಜ ಒಣಗಿಸಿ ಪೆಟ್ಟಿಗೆ ಕಟ್ಟುವುದರಲ್ಲೂ ಮನೆಯವರ ಕೈ ಇರದೆ ಇದೆಲ್ಲ ಆಗುವ ಮಾತಾ? ಆ ಪತ್ರಗಳಲ್ಲಿ ಆಕೆ ಎಷ್ಟು ಸಲ ಬರುತ್ತಾಳೆ ಎಂದು ಹುಡುಕಿದೆ. ಕಾಲಿನ್ಸನ್ ಆಕೆಗೆ ಒಂದು ಕ್ಯಾಲಿಕೊ ಗೌನು ಕಳಿಸಿದ್ದು ಸಿಕ್ಕಿತು, ಮಕ್ಕಳಿಗೆ ಸಣ್ಣಪುಟ್ಟ ಸಾಮಾನು. ಅಷ್ಟಾದರೂ ನೆನೆದನಲ್ಲ ಎಂದು ಸಮಾಧಾನ. ಆದರೆ ಈ ಸ್ನೇಹ ನಡೆದದ್ದು ಆಕೆಯ ದುಡಿಮೆಯ ಮೇಲೆ ಅನ್ನುವುದನ್ನು ಮರೆಯಬೇಡಿ.

ಕೊಡಚಾದ್ರಿ:
ನೂರಕ್ಕೆ ನೂರು ಸರಿ.

ನೂಲಿನ ಎಳೆ:
ಕ್ಯಾಲಿಕೊ ಅಂದಿರಲ್ಲ, ಅದು ಮೊದಲು ನಮ್ಮ ಕಡೆಯಿಂದಲೇ ಹೋದ ಹತ್ತಿ ಬಟ್ಟೆ. ಇಂಗ್ಲೆಂಡಿನ ಉಣ್ಣೆ, ರೇಷ್ಮೆ ನೇಕಾರರು ಗಲಾಟೆ ಮಾಡಿದ್ದಕ್ಕೆ 1721ರಲ್ಲಿ ಕಾಯ್ದೆ ತಂದು, ಅಚ್ಚು ಹಾಕಿದ ಕ್ಯಾಲಿಕೊ ಉಡುವುದನ್ನೇ ಅಲ್ಲಿ ನಿಲ್ಲಿಸಿದರು. ಆದರೆ ಅಮೆರಿಕದ ವಸಾಹತುಗಳಿಗೆ ಕಳಿಸಬಹುದಿತ್ತು. ಕಾಲಿನ್ಸನ್ ಬಟ್ಟೆ ವ್ಯಾಪಾರಿ, ಅವನಿಗೆ ಇದೆಲ್ಲ ಬೆರಳ ತುದಿಯಲ್ಲಿ ಇದ್ದಿರಬೇಕು.

ಬಟ್ಟೆಯ ಇನ್ನೊಂದು ಪ್ರಸಂಗ ಇದೆ. ಬಾರ್ಟ್ರಮ್ ವರ್ಜೀನಿಯಾಕ್ಕೆ ಹೊರಟಾಗ ಕಾಲಿನ್ಸನ್ ಬರೆಯುತ್ತಾನೆ: ದಯವಿಟ್ಟು ಶುಭ್ರವಾಗಿ, ಒಳ್ಳೆ ಬಟ್ಟೆ ಹಾಕಿಕೊಂಡು ಹೋಗು. ಆ ಕಡೆಯವರು ಮನುಷ್ಯನ ಒಳಗಿಗಿಂತ ಹೊರಗನ್ನೇ ಜಾಸ್ತಿ ನೋಡುತ್ತಾರೆ. ಬಟ್ಟೆ ಹಾಳಾದರೆ ಚಿಂತೆ ಬೇಡ, ಮುಂದಿನ ವರ್ಷ ಬೇರೆ ಕಳಿಸುತ್ತೇನೆ. ನನಗೆ ಇದನ್ನು ಓದಿ ಕಣ್ಣು ತುಂಬಿ ಬಂತು. ನನ್ನ ಅಕ್ಕ ನಾನು ಮೊದಲ ಸಂದರ್ಶನಕ್ಕೆ ಹೊರಟಾಗ ಹೀಗೇ ಹೇಳಿದ್ದಳು.

ಲೆಕ್ಕದ ಪುಸ್ತಕ:
ಅಥವಾ ತನ್ನ ಕಡೆಯವನು ಕೊಳಕಾಗಿ ಹೋದರೆ ತನ್ನ ಮರ್ಯಾದೆ ಹೋಗುತ್ತದೆ ಎಂಬ ಭಯ ಇರಬಹುದು. ಅಲ್ಲಿ ಅವನು ಭೇಟಿಯಾಗಬೇಕಿದ್ದ ವಿಲಿಯಮ್ಸ್‌ಬರ್ಗ್‌ನ ಜಾನ್ ಕಸ್ಟಿಸ್ ಕೂಡ ಕಾಲಿನ್ಸನ್‌ನ ಪತ್ರಮಿತ್ರ.

ನೂಲಿನ ಎಳೆ:
ಎರಡೂ ಇರಬಹುದು. ಅಣ್ಣ ತಮ್ಮಂದಿರ ನಡುವೆಯೂ ಎರಡೂ ಇರುತ್ತವೆ.

ಇತಿಹಾಸದ ವಿದ್ಯಾರ್ಥಿ:
ಈ ಗೆಳೆತನವನ್ನು ನಿಜವಾಗಿ ಅಲುಗಾಡಿಸಬಹುದಾಗಿದ್ದ ವಿಷಯ ಬೇರೆ ಇದೆ. ಬಾರ್ಟ್ರಮ್‌ನ ತಂದೆಯನ್ನು 1711ರಲ್ಲಿ ಕ್ಯಾರೊಲಿನಾದಲ್ಲಿ ಮೂಲನಿವಾಸಿಗಳು ಕೊಂದಿದ್ದರು. ಆ ಗಾಯ ಅವನಿಗೆ ಮಾಯಲೇ ಇಲ್ಲ. 1763ರಲ್ಲಿ ಗಡಿಯಲ್ಲಿ ಯುದ್ಧ ಎದ್ದಾಗ ಅವನು ಬರೆದದ್ದು ಓದಲು ಕಷ್ಟ. ಅವರನ್ನು ಚೆನ್ನಾಗಿ ಬಡಿದು ಹೆದರಿಸದಿದ್ದರೆ ಶಾಂತಿ ಉಳಿಯುವುದಿಲ್ಲ ಎಂದು ಬರೆದ. ಕ್ವೇಕರ್ ಆಗಿ ಹುಟ್ಟಿದವನ ಮಾತು ಇದು!

ಕಾಲಿನ್ಸನ್ ಹ್ಞೂಂ ಅನ್ನಲಿಲ್ಲ. ಅವರಿಗೆ ನಮ್ಮವರೇ ಎಷ್ಟು ಮೋಸ, ಅನ್ಯಾಯ ಮಾಡಿದ್ದಾರೆ ನೋಡು ಎಂದು ತಿರುಗಿ ಬರೆದ. ಅದೇ ವರ್ಷ ಲಂಡನ್ನಿನ ಪತ್ರಿಕೆಯಲ್ಲೂ ಅವರ ಜೊತೆ ನ್ಯಾಯವಾಗಿ ನಡೆದುಕೊಂಡು ಶಾಂತಿ ಮಾಡಿಕೊಳ್ಳಬೇಕೆಂದು ಬರೆದ. ಇಷ್ಟು ದೊಡ್ಡ ಭಿನ್ನಾಭಿಪ್ರಾಯ ಇದ್ದರೂ ಪತ್ರ ನಿಲ್ಲಲಿಲ್ಲ. ನಾನು ಇದನ್ನು ಗೆಳೆತನಕ್ಕೆ ಸಾಕ್ಷಿ ಅನ್ನುತ್ತೇನೆ.

ಬೆಟ್ಟದಹೂ:
ಲಂಡನ್ನಿನಲ್ಲಿ ಕೂತವನಿಗೆ ನ್ಯಾಯ ಹೇಳುವುದು ಸುಲಭ ಅಂತ ಬಾರ್ಟ್ರಮ್‌ಗೆ ಅನ್ನಿಸಿರಬಹುದು. ಆದರೂ ಹೇಳಬೇಕಾದದ್ದನ್ನೇ ಹೇಳಿದ. ಮೆಚ್ಚಿದೆ.

ಲೆಕ್ಕದ ಪುಸ್ತಕ:
ಇದು ನನಗೆ ಗೊತ್ತಿರಲಿಲ್ಲ. ಒಳ್ಳೆಯ ಅಂಶ. ವ್ಯಾಪಾರಿಯಾದವನು ಸರಕು ಕೊಡುವವನ ಜೊತೆ ಇಂಥ ವಿಷಯದಲ್ಲಿ ಎದುರು ಮಾತಾಡುವುದಿಲ್ಲ, ಸುಮ್ನೆ ಇದ್ದುಬಿಡುತ್ತಾನೆ. ಆದರೂ ಹಣದ ಪ್ರಶ್ನೆ ನಾನು ಬಿಡುವುದಿಲ್ಲ. 1765ರಲ್ಲಿ ರಾಜನ ಸಸ್ಯಶಾಸ್ತ್ರಜ್ಞ ಎಂಬ ಹುದ್ದೆ ಕೊಡಿಸಿದ್ದು ಕಾಲಿನ್ಸನ್, ಸರಿ. ವರ್ಷಕ್ಕೆ 50 ಪೌಂಡ್. ಅದರಲ್ಲಿ ಅರುವತ್ತು ದಾಟಿದ ಮನುಷ್ಯ ಫ್ಲೋರಿಡಾವರೆಗೆ ಹೋಗಬೇಕಾಯಿತು. ಸಾಲುವುದಿಲ್ಲ ಎಂದು ಅವನೇ ಬರೆದಿದ್ದಾನೆ.

ಮುಂಗಾರು:
ಅದೇ ಪ್ರವಾಸದಲ್ಲಿ ಅಲ್ವಾ ಫ್ರಾಂಕ್ಲಿನಿಯಾ ಎಂಬ ಹೂಮರ ಸಿಕ್ಕಿದ್ದು?

ನ್ಯೂಜೆರ್ಸಿ ಕನ್ನಡಿಗ:
ಹೌದು. 1765ರಲ್ಲಿ ಜಾರ್ಜಿಯಾದ ಅಲ್ಟಮಹಾ ನದಿ ದಡದಲ್ಲಿ ಅಪ್ಪ, ಮಗ ವಿಲಿಯಂ ಇಬ್ಬರೂ ನೋಡಿದರು. ಮುಂದೆ ವಿಲಿಯಂ ಮತ್ತೆ ಹೋಗಿ ಬೀಜ ತಂದು ಮನೆಯ ತೋಟದಲ್ಲಿ ಬೆಳೆಸಿದ. ಕಾಡಿನಲ್ಲಿ ಆ ಮರವನ್ನು ಕೊನೆಗೆ ಕಂಡದ್ದು 1803ರಲ್ಲಿ. ಈಗ ಜಗತ್ತಿನಲ್ಲಿರುವ ಫ್ರಾಂಕ್ಲಿನಿಯಾ ಎಲ್ಲವೂ ಆ ತೋಟದ ಸಂತಾನ. ಚಹಾ ಗಿಡದ ಕುಟುಂಬಕ್ಕೆ ಸೇರಿದ್ದು. ಬಿಳಿ ಎಸಳು, ನಡುವೆ ಹಳದಿ ಕೇಸರ.

ನಾನು ಆ ತೋಟಕ್ಕೆ ಹೋಗಿದ್ದೇನೆ. ಶೂಲ್‌ಕಿಲ್ ನದಿ ದಡದಲ್ಲಿದೆ. 1728ರಲ್ಲಿ ಬಾರ್ಟ್ರಮ್ ಕೊಂಡ ಜಾಗ. ಕಲ್ಲಿನ ಮನೆ ಅವನೇ ಕಟ್ಟಿದ್ದು. ದೇವರೊಬ್ಬನನ್ನೇ ಆರಾಧಿಸುತ್ತೇನೆ ಎಂದು ಅವನು ಕೆತ್ತಿದ 1770ರ ಕಲ್ಲು ಗೋಡೆಯಲ್ಲಿದೆ. ಅದಕ್ಕೂ ಮೊದಲೇ, ಯೇಸು ದೇವರಲ್ಲ ಎಂದು ವಾದಿಸಿದ್ದಕ್ಕೆ 1758ರಲ್ಲಿ ಕ್ವೇಕರ್ ಸಭೆ ಅವನನ್ನು ಹೊರಗೆ ಹಾಕಿತ್ತು. ಕಾಲಿನ್ಸನ್ ಮಾತ್ರ ಪತ್ರ ಬರೆಯುತ್ತಲೇ ಇದ್ದ.

ಕೊಡಚಾದ್ರಿ:
ಆಚೆ ಕಡೆಯ ತೋಟ ಉಳಿದಿದೆಯಾ?

ನ್ಯೂಜೆರ್ಸಿ ಕನ್ನಡಿಗ:
ಕಾಲಿನ್ಸನ್ ತೋಟ ಮೊದಲು ಪೆಕಮ್‌ನಲ್ಲಿತ್ತು, ಆಮೇಲೆ ಲಂಡನ್ನಿನ ಮಿಲ್ ಹಿಲ್‌ನಲ್ಲಿ. ಈಗ ಆ ಜಾಗದಲ್ಲಿ ಶಾಲೆ ಇದೆ. ಅವನ ತೋಟಕ್ಕೆ ಕಳ್ಳರು ನುಗ್ಗಿ ಅಪರೂಪದ ಗಿಡಗಳನ್ನೇ ಆರಿಸಿ ಕಿತ್ತುಕೊಂಡು ಹೋದರಂತೆ. ಒಂದಕ್ಕಿಂತ ಹೆಚ್ಚು ಸಲ.

ಮುಂಗಾರು:
ಅಯ್ಯೋ! ನಮ್ಮ ಕಾಂಪೌಂಡಿನ ದಾಸವಾಳ ಬೆಳಿಗ್ಗೆ ಆರಕ್ಕೆ ಮುಂಚೆಯೇ ಖಾಲಿ. ಕೇಳಿದರೆ ದೇವರಿಗೆ ಅಂತಾರೆ.

ತುಂಗಾತೀರ:
ನಮ್ಮ ಬೀದಿಯಲ್ಲಿ ಪಾರಿಜಾತ. ಗಿಡ ಅಲುಗಿಸಿ ಉದುರಿಸಿಕೊಂಡು ಹೋಗುತ್ತಾರೆ.

ಹಿತ್ತಲಮನೆ:
ಹೂವಿನ ಕಳ್ಳರಿಗೆ ಬೇರೆ ಎಳೆ ಶುರು ಮಾಡಿ, ಅಲ್ಲಿ ನಾನೂ ಬರುತ್ತೇನೆ. ಇಲ್ಲಿ ವಿಷಯಕ್ಕೆ ಬನ್ನಿ.

ಸಂಪಿಗೆಮರ:
ಇದೇ ಕಾಲದಲ್ಲಿ, 1760ರಲ್ಲಿ, ನಮ್ಮಲ್ಲಿ ಹೈದರ್ ಅಲಿ ಲಾಲ್‌ಬಾಗ್ ಶುರು ಮಾಡಿದ್ದು. ಟಿಪ್ಪು ಫ್ರಾನ್ಸಿಗೆ ಕಳಿಸಿದ ರಾಯಭಾರಿಗಳು 1788ರಲ್ಲಿ ಅಲ್ಲಿನ ರಾಜನ ಹತ್ತಿರ ಗಿಡ, ಬೀಜ, ಮಾಲಿಗಳನ್ನು ಕೇಳಿದರು. ರಾಜರಿಗೆ ಅದಕ್ಕೆ ರಾಯಭಾರಿಗಳು ಬೇಕಾಯಿತು, ಈ ರೈತನಿಗೆ ಒಬ್ಬ ಗೆಳೆಯ ಸಾಕಾಯಿತು. ಅವನು ಕಳಿಸಿದ್ದರಲ್ಲಿ ನಮ್ಮ ಸಂಪಿಗೆಯ ನೆಂಟರಾದ ಮ್ಯಾಗ್ನೋಲಿಯಾಗಳೂ ಇದ್ದವು.

ಅಂಚೆಡಬ್ಬಿ:
ಇಬ್ಬರನ್ನೂ ಕಣ್ಣಾರೆ ಕಂಡವರು ಯಾರಾದರೂ ಇದ್ದರಾ?

ಹಳೆಪೇಪರ್:
ಇದ್ದರು. ಒಬ್ಬ ಫ್ರಾಂಕ್ಲಿನ್, 1757ರಿಂದ ಬಹುಪಾಲು ಲಂಡನ್ನಿನಲ್ಲೇ ಇದ್ದವನು. ಇನ್ನೊಬ್ಬ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಶಿಷ್ಯ ಪೆರ್ ಕಾಮ್. 1748ರಲ್ಲಿ ಮೊದಲು ಲಂಡನ್ನಿನಲ್ಲಿ ಕಾಲಿನ್ಸನ್‌ನನ್ನು ಕಂಡು, ಅದೇ ವರ್ಷ ಬಾರ್ಟ್ರಮ್ ಮನೆಗೆ ಬಂದ. ಇಷ್ಟೆಲ್ಲ ತಿಳಿದಿದ್ದರೂ ಈ ಮನುಷ್ಯ ಬರೆದಿಡುವುದರಲ್ಲಿ ಸೋಮಾರಿ ಎಂದು ಆಮೇಲೆ ದೂರಿದ.

ಇತಿಹಾಸದ ವಿದ್ಯಾರ್ಥಿ:
ಅದನ್ನು ಓದಿ ನನಗೂ ಕೋಪ ಬಂದಿತ್ತು. ಅವನು ಬರೆದದ್ದೆಲ್ಲ ಪತ್ರಗಳಲ್ಲಿದೆ!

ಬೆಟ್ಟದಹೂ:
ಮಗನ ಪತ್ರ ಯಾರೂ ಹೇಳಲಿಲ್ಲವಲ್ಲ. ಹದಿಹರೆಯದ ವಿಲಿಯಂಗೆ, ಅಂದರೆ ಇವರ ಬಿಲ್ಲಿಗೆ, ಚಿತ್ರ ಬರೆಯುವುದು ಮತ್ತು ಗಿಡ, ಇವೆರಡು ಬಿಟ್ಟರೆ ಬೇರೆ ಲೋಕವಿಲ್ಲ. ಅಪ್ಪ ಕಂಗಾಲು. ಕಾಲಿನ್ಸನ್‌ಗೆ ಬರೆಯುತ್ತಾನೆ: ಅವನು ದೊಡ್ಡ ಮನುಷ್ಯನಾಗಬೇಕಿಲ್ಲ, ಕಷ್ಟಪಟ್ಟರೆ ಮರ್ಯಾದೆಯಾಗಿ ಬದುಕುವಂಥ ಒಂದು ಕೆಲಸ ಬೇಕು, ಏನು ಮಾಡಲಿ? ಫ್ರಾಂಕ್ಲಿನ್ ಮುದ್ರಣ ಕಲಿಸುತ್ತೇನೆ ಅಂದ. ಅದಕ್ಕೆ ಬಾರ್ಟ್ರಮ್ ಅನುಮಾನ: ಈ ಊರಲ್ಲಿ ಮುದ್ರಣದಿಂದ ಚೆನ್ನಾಗಿ ಬದುಕಿದವನು ಫ್ರಾಂಕ್ಲಿನ್ ಒಬ್ಬನೇ! ಯಾವ ಕಾಲದ ಅಪ್ಪನಾದರೂ ಇಷ್ಟೇ. ಬಿಲ್ಲಿ ವ್ಯಾಪಾರಕ್ಕೆ ಹೋಗಿ ಸೋತ, ಫ್ಲೋರಿಡಾದಲ್ಲಿ ಬೇಸಾಯಕ್ಕೆ ಇಳಿದು ಸೋತ. ಅತ್ತ ಕಾಲಿನ್ಸನ್ ಅವನ ಚಿತ್ರಗಳನ್ನು ಲಂಡನ್ನಿನಲ್ಲಿ ಎಲ್ಲರಿಗೂ ತೋರಿಸಿ ಡಚೆಸ್‌ಗಳಿಂದ, ಡಾಕ್ಟರ್ ಫಾದರ್‌ಗಿಲ್‌ರಿಂದ ಕೆಲಸ ಕೊಡಿಸಲು ಓಡಾಡಿದ. 1791ರಲ್ಲಿ ವಿಲಿಯಂ ತನ್ನ ಪ್ರವಾಸದ ಪುಸ್ತಕ ತಂದು ಹೆಸರು ಮಾಡಿದಾಗ ನೋಡಲು ಅಪ್ಪನೂ ಇರಲಿಲ್ಲ, ಕಾಲಿನ್ಸನ್ನೂ ಇರಲಿಲ್ಲ.

ನಾನು ವ್ಯಾಪಾರವೋ ಗೆಳೆತನವೋ ಅನ್ನುವ ಪ್ರಶ್ನೆಗೆ ಇಲ್ಲಿಂದ ಉತ್ತರ ಹುಡುಕುತ್ತೇನೆ. ಮಗನ ಭವಿಷ್ಯದ ಚಿಂತೆಯನ್ನು ಯಾರ ಹತ್ತಿರ ಹೇಳಿಕೊಳ್ಳುತ್ತೇವೆ?

ಲೆಕ್ಕದ ಪುಸ್ತಕ:
ಸರಿ, ಇದಕ್ಕೆ ನನ್ನ ಹತ್ತಿರ ಎದುರು ವಾದ ಇಲ್ಲ. ಗೆಳೆತನ ಇತ್ತು. ಆದರೆ ಅದರಲ್ಲಿ ಒಬ್ಬನ ಬೆವರು ಜಾಸ್ತಿ, ಇನ್ನೊಬ್ಬನ ಹೆಸರು ಜಾಸ್ತಿ. ಆ ಮಾತಿಗೆ ನಾನು ಬದ್ಧ.

ಹಿತ್ತಲಮನೆ:
ಅಷ್ಟನ್ನು ನಾನೂ ಒಪ್ಪುತ್ತೇನೆ. ಹೆಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ತಕರಾರು. ಲಿನೇಯಸ್ ಕಾಲಿನ್ಸನ್ ಹೆಸರನ್ನು ಒಂದು ಗಿಡಕ್ಕೆ ಇಟ್ಟ, ಕಾಲಿನ್ಸೋನಿಯ. ಬಾರ್ಟ್ರಮ್ ಹೆಸರಲ್ಲೂ ಬಾರ್ಟ್ರಾಮಿಯ ಎಂಬ ಪಾಚಿ ಕುಲ ಇದೆ.

ಲೆಕ್ಕದ ಪುಸ್ತಕ:
ಅಷ್ಟು ಮರ ಏರಿದವನಿಗೆ ಪಾಚಿ!

ತುಂಗಾತೀರ:
ಈ ಪತ್ರಗಳು ಓದಲು ಎಲ್ಲಿ ಸಿಗುತ್ತವೆ?

ಹಳೆಪೇಪರ್:
ಬಾರ್ಟ್ರಮ್ ಮನೆಯವರು ಕಾಗದಗಳನ್ನು ಉಳಿಸಿಕೊಂಡಿದ್ದರು. ವಿಲಿಯಂ ಡಾರ್ಲಿಂಗ್ಟನ್ ಎಂಬ ಡಾಕ್ಟರ್ 1849ರಲ್ಲಿ ಅಚ್ಚು ಹಾಕಿಸಿದರು. ಹಳೆಯದಾದ್ದರಿಂದ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. 1992ರಲ್ಲಿ ಇನ್ನೂ ಪೂರ್ಣವಾದ ಸಂಪುಟ ಬಂದಿದೆ. ಹಳೆಯದರಿಂದಲೇ ಶುರು ಮಾಡಿ.

ತುಂಗಾತೀರ:
ಇಂಗ್ಲಿಷ್ ಕಷ್ಟವಾ?

ಹಳೆಪೇಪರ್:
ಇಲ್ಲ. ಇಬ್ಬರೂ ಮಾತಾಡಿದ ಹಾಗೇ ಬರೆಯುತ್ತಾರೆ. ಗಿಡದ ಹೆಸರುಗಳು ಮಾತ್ರ ತಡೆಯುತ್ತವೆ.

ನ್ಯೂಜೆರ್ಸಿ ಕನ್ನಡಿಗ:
ಈ ಕಡೆ ಇರುವವರು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ತೋಟಕ್ಕೆ ಹೋಗಿ, ಫ್ರಾಂಕ್ಲಿನಿಯಾ ಹೂ ಬಿಡುವುದು ಆಗ. ಪ್ರವೇಶಕ್ಕೆ ದುಡ್ಡಿಲ್ಲ.

ಸಂಪಿಗೆಮರ:
ಆಮೆ ಮೊಟ್ಟೆಯ ಪತ್ರವನ್ನು ಯಾರಾದರೂ ಪೂರ್ತಿ ಕನ್ನಡಕ್ಕೆ ತಂದು ಇಲ್ಲಿ ಹಾಕುತ್ತೀರಾ? ನಮ್ಮ ಶಾಲೆ ಮಕ್ಕಳಿಗೆ ಓದಿ ಹೇಳಬೇಕು.

ಹಿತ್ತಲಮನೆ:
ನಾನು ಮಾಡುತ್ತೇನೆ. ಟೋಪಿಯ ಪತ್ರ ಲೆಕ್ಕದ ಪುಸ್ತಕ ಅವರು ಮಾಡಲಿ.

ಲೆಕ್ಕದ ಪುಸ್ತಕ:
ಆಯ್ತು. ಭಾನುವಾರ ಹಾಕುತ್ತೇನೆ.